ಲ್ಯಾಪ್‌ಟಾಪ್ ಬಿಸಿ ಎಷ್ಟು, ವೇಗ ಎಷ್ಟು: ಎರಡನ್ನೂ ಒಟ್ಟಿಗೆ ಅಳೆಯುವ ಬಗೆ

ಹಾಸನದಲ್ಲಿ ಮಾರ್ಚ್ ಕಳೆಯುತ್ತಿದ್ದ ಹಾಗೆ ಒಂದೇ ದೂರು ಬೇರೆ ಬೇರೆ ಬಾಯಲ್ಲಿ ಕೇಳಿಬರುತ್ತದೆ. "ಲ್ಯಾಪ್‌ಟಾಪ್ ಸಿಕ್ಕಾಪಟ್ಟೆ ಬಿಸಿ ಆಗ್ತಿದೆ, ಸ್ಲೋ ಆಗಿದೆ, ಹೊಸದು ತಗೊಳ್ಳೋದೇ ಒಳ್ಳೇದಾ?" ಇಂಜಿನಿಯರಿಂಗ್ ಓದುವ ಮಕ್ಕಳು, ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು, ಎಲ್ಲರದೂ ಇದೇ ಮಾತು. ಎಷ್ಟು ಡಿಗ್ರಿ ಇತ್ತು, ಆಗ ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡುತ್ತಿತ್ತು ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಅಂಗೈ ಇಟ್ಟು ನೋಡಿ ಬಿಸಿ ಎಂದಿರುತ್ತಾರೆ, ಅಷ್ಟೇ.

ಅಂಗೈಗೆ ತಾಗುವುದು ಹೊರಗಿನ ಕವಚದ ಬಿಸಿ. ಒಳಗಿರುವ ಚಿಪ್ಪಿನ ಬಿಸಿಯೇ ಬೇರೆ. ಕೀಬೋರ್ಡ್ ಬೆಚ್ಚಗೆ ಅನ್ನಿಸಿದಾಗ ಚಿಪ್ 60 ಡಿಗ್ರಿ ಇರಬಹುದು, 95 ಕೂಡ ಇರಬಹುದು. ಅದನ್ನು ತಿಳಿದುಕೊಳ್ಳಲು ದುಡ್ಡು ಖರ್ಚಿಲ್ಲ, ಲ್ಯಾಪ್‌ಟಾಪ್ ಬಿಚ್ಚುವುದೂ ಬೇಡ. ಒಂದು ಭಾನುವಾರ ಒಂದೂವರೆ ಗಂಟೆ ಬಿಡುವು ಮಾಡಿಕೊಂಡರೆ ಸಾಕು.

ಬಿಸಿ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ

ಈಗಿನ ಪ್ರೊಸೆಸರ್‌ಗೆ ಇಷ್ಟೇ ವೇಗ ಅಂತ ಇಲ್ಲ. ಕೆಲಸ ಇಲ್ಲದಾಗ ನಿಧಾನವಾಗುತ್ತದೆ, ಕೆಲಸ ಬಂದ ಕೂಡಲೇ ವೇಗ ಏರಿಸಿಕೊಳ್ಳುತ್ತದೆ. ಇದೆಲ್ಲ ಒಂದು ಸೆಕೆಂಡಿನ ಒಳಗೆ ಹಲವು ಸಲ ನಡೆಯುತ್ತದೆ.

ಒಂದು ಉದಾಹರಣೆ ನೋಡೋಣ. 2017ರಲ್ಲಿ ಬಂದ ಇಂಟೆಲ್ ಕೋರ್ ಐ5-8250ಯು ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ಓಡಾಡುತ್ತಿವೆ. ನಾಲ್ಕು ಕೋರ್ (ಲೆಕ್ಕ ಮಾಡುವ ಭಾಗಗಳು), ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲುಗಳು). ಬೇಸ್ ವೇಗ, ಅಂದರೆ ಮೂಲ ವೇಗ, 1.6 ಗಿಗಾಹರ್ಟ್ಸ್; ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, ಗರಿಷ್ಠ 3.4 ಗಿಗಾಹರ್ಟ್ಸ್. ಅದಕ್ಕೆ ನಿಗದಿ ಮಾಡಿರುವ ವಿದ್ಯುತ್ 15 ವ್ಯಾಟ್, ತಡೆದುಕೊಳ್ಳುವ ಗರಿಷ್ಠ ಬಿಸಿ 100 ಡಿಗ್ರಿ. ಈ ನಾಲ್ಕು ಅಂಕಿಗಳ ನಡುವೆಯೇ ಅದರ ಇಡೀ ಬದುಕು.

ಭಾರೀ ಕೆಲಸ ಕೊಟ್ಟಾಗ ಮೊದಲ ಕೆಲವು ಸೆಕೆಂಡು 15 ವ್ಯಾಟ್ ಮೀರಿ ವಿದ್ಯುತ್ ಎಳೆಯಲು ಅದಕ್ಕೆ ಅನುಮತಿ ಇದೆ. ಎಷ್ಟು ಹೊತ್ತು ಎಂಬುದನ್ನು ಲ್ಯಾಪ್‌ಟಾಪ್ ತಯಾರಿಸಿದವರು ಗೊತ್ತುಮಾಡುತ್ತಾರೆ. 28 ಸೆಕೆಂಡು ಎಂಬುದು ಸಾಮಾನ್ಯವಾಗಿ ಕಾಣುವ ಲೆಕ್ಕ. ಆ ಗಡುವು ಮುಗಿದ ಮೇಲೆ ಪ್ರೊಸೆಸರ್ 15 ವ್ಯಾಟ್‌ಗೆ ಇಳಿಯುತ್ತದೆ, ವೇಗವೂ 3.4ರಿಂದ 2.4ರ ಆಸುಪಾಸಿಗೆ ಬರುತ್ತದೆ. ಇದು ರೋಗವೇ ಅಲ್ಲ. ಹೊಸ ಲ್ಯಾಪ್‌ಟಾಪ್‌ನಲ್ಲೂ ಹೀಗೇ ಆಗುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವೇಗ ಎಲ್ಲ ಕೋರ್‌ಗಳೂ ದುಡಿಯುವಾಗ ಗಂಟೆಗಟ್ಟಲೆ ಸಿಗುವ ವೇಗ ಎಂದು ಯಾರಾದರೂ ಹೇಳಿದ್ದರೆ ಅದನ್ನು ಮರೆತುಬಿಡಿ.

ಹಾಗಾಗಿ ವೇಗ ಇಳಿಯಲು ಕಾರಣ ಮೂರು. ಒಂದು, ಮಾಡಲು ಕೆಲಸವೇ ಇಲ್ಲ. ಎರಡು, ವಿದ್ಯುತ್ತಿನ ಮಿತಿ ಬಂತು. ಮೂರು, ಬಿಸಿಯ ಮಿತಿ ಬಂತು. ಈ ಮೂರನೆಯದಕ್ಕೆ ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತಾರೆ. ದುರಸ್ತಿ ಬೇಕಾಗುವುದು ಬಹುಪಾಲು ಮೂರನೆಯದರಲ್ಲಿ. ಬಿಸಿ, ವೇಗ, ವ್ಯಾಟ್ ಮೂರೂ ಒಂದೇ ಪರದೆಯಲ್ಲಿ ಕಂಡರೆ ಮಾತ್ರ ಯಾವುದು ಎಂದು ಬಿಡಿಸಿ ಹೇಳಬಹುದು.

ಯಾವ ಸಾಫ್ಟ್‌ವೇರ್ ಬೇಕು

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ ಸಿಪಿಯು ಒತ್ತಿ. ಎಷ್ಟು ಶೇಕಡಾ ಬಳಕೆ, ಈಗಿನ ವೇಗ, ಬೇಸ್ ವೇಗ ಕಾಣುತ್ತದೆ. ಆದರೆ ಪ್ರೊಸೆಸರ್‌ನ ಬಿಸಿ ಅಲ್ಲಿ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಬಿಸಿ ಮಾತ್ರ ಜಿಪಿಯು ಪುಟದಲ್ಲಿ ಸಿಗುತ್ತದೆ.

ಅದಕ್ಕೇ ಎಚ್‌ಡಬ್ಲ್ಯೂಇನ್ಫೋ (HWiNFO) ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ ಎಂದು ನಾನು ಹೇಳುತ್ತೇನೆ. ಮನೆ ಬಳಕೆಗೆ ಉಚಿತ, ಗಾತ್ರ ಚಿಕ್ಕದು, ಇನ್‌ಸ್ಟಾಲ್ ಮಾಡದೆಯೇ ಓಡಿಸುವ ಪೋರ್ಟಬಲ್ ಆವೃತ್ತಿಯೂ ಇದೆ. ಅದರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೊದಲು ಬರುವ ಜಾಹೀರಾತು ಕೊಂಡಿಗಳನ್ನು ಒತ್ತಬೇಡಿ. ತೆರೆಯುವಾಗ ಸೆನ್ಸರ್ಸ್-ಓನ್ಲಿ ಎಂಬುದಕ್ಕೆ ಟಿಕ್ ಹಾಕಿ ಸ್ಟಾರ್ಟ್ ಕೊಡಿ.

ಮೊದಲ ಸಲ ನೋಡಿದವರಿಗೆ ಗಾಬರಿಯಾಗುತ್ತದೆ, ನೂರಾರು ಸಾಲು. ನಮಗೆ ಬೇಕಾದ್ದು ಐದೇ. ಸಿಪಿಯು ಪ್ಯಾಕೇಜ್ ಎಂಬುದು ಇಡೀ ಚಿಪ್ಪಿನ ಬಿಸಿ. ಎಎಂಡಿ ರೈಜೆನ್ ಆದರೆ ಟಿ-ಕಂಟ್ರೋಲ್, ಟಿ-ಡೈ (Tctl/Tdie) ಎಂಬ ಹೆಸರಿನಲ್ಲಿ ಬರುತ್ತದೆ. ಕೋರ್ ಕ್ಲಾಕ್ಸ್ ವೇಗ. ಕೋರ್ ಎಫೆಕ್ಟಿವ್ ಕ್ಲಾಕ್ಸ್ ಕೂಡ ವೇಗವೇ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಸಿಪಿಯು ಪ್ಯಾಕೇಜ್ ಪವರ್ ವ್ಯಾಟ್ ಲೆಕ್ಕ. ಕೊನೆಯದು ಥರ್ಮಲ್ ಥ್ರಾಟ್ಲಿಂಗ್, ಅಲ್ಲಿ ಯೆಸ್ ಅಥವಾ ನೋ ಎಂದಷ್ಟೇ ಇರುತ್ತದೆ. ಇಂಟೆಲ್‌ನಲ್ಲಿ ಅದರ ಹತ್ತಿರವೇ ಪವರ್ ಲಿಮಿಟ್ ಎಕ್ಸೀಡೆಡ್ ಎಂಬ ಸಾಲೂ ಸಿಗುತ್ತದೆ, ಅದೂ ಉಪಯೋಗದ್ದೇ.

ಎಫೆಕ್ಟಿವ್ ಕ್ಲಾಕ್ ಯಾಕೆ ಬೇಕು ಗೊತ್ತಾ? ಕೋರ್‌ಗೆ ಕೆಲಸ ಇಲ್ಲದಾಗ ಅದು ನಿಜಕ್ಕೂ ಮಲಗಿಬಿಡುತ್ತದೆ. ಎದ್ದಾಗ ಮಾತ್ರ 3 ಗಿಗಾಹರ್ಟ್ಸ್‌ನಲ್ಲಿ ಓಡಿ ಮತ್ತೆ ಮಲಗುತ್ತದೆ. ಕೋರ್ ಕ್ಲಾಕ್ ಸಾಲು ಎದ್ದಿದ್ದಾಗಿನ ವೇಗವನ್ನು ತೋರಿಸುತ್ತದೆ. ಸುಮ್ನೆ ಕೂತಿರುವ ಲ್ಯಾಪ್‌ಟಾಪ್‌ನಲ್ಲಿ 3 ಗಿಗಾಹರ್ಟ್ಸ್ ಕಂಡು "ಇದ್ಯಾಕೆ ಖಾಲಿ ಇದ್ರೂ ಇಷ್ಟು ಓಡ್ತಿದೆ" ಎಂದು ಚಿಂತೆ ಮಾಡುವವರಿದ್ದಾರೆ. ಎಫೆಕ್ಟಿವ್ ಕ್ಲಾಕ್ ಮಲಗಿದ ಹೊತ್ತನ್ನೂ ಸೇರಿಸಿ ಸರಾಸರಿ ಕೊಡುತ್ತದೆ. ಖಾಲಿ ಇದ್ದಾಗ ಅದು 50, 100 ಮೆಗಾಹರ್ಟ್ಸ್ ತೋರಿಸಿದರೆ ನೆಮ್ಮದಿಯಾಗಿರಿ.

ಪ್ರತಿ ಸಾಲಿಗೂ ಈಗಿನ, ಕನಿಷ್ಠ, ಗರಿಷ್ಠ, ಸರಾಸರಿ ಎಂದು ನಾಲ್ಕು ಕಾಲಂ ಇರುತ್ತದೆ. ಕೆಳಗಡೆ ಗಡಿಯಾರದ ಚಿತ್ರದ ಗುಂಡಿ ಒತ್ತಿದರೆ ಹಳೆಯ ಲೆಕ್ಕ ಅಳಿಸಿ ಹೊಸದಾಗಿ ಶುರುವಾಗುತ್ತದೆ. ಪ್ರತಿ ಪರೀಕ್ಷೆಗೂ ಮೊದಲು ಅದನ್ನು ಒತ್ತಲೇಬೇಕು. ಇಲ್ಲದಿದ್ದರೆ ಹಿಂದಿನ ಪರೀಕ್ಷೆಯ ಗರಿಷ್ಠ ಅಂಕಿ ಇದರೊಳಗೆ ಬೆರೆತುಹೋಗುತ್ತದೆ.

ಉಬುಂಟು ಬಳಸುವವರಿಗೆ ಇದು ಇನ್ನೂ ಸುಲಭ. ಎಲ್‌ಎಂ-ಸೆನ್ಸರ್ಸ್ (lm-sensors) ಹಾಕಿಕೊಂಡರೆ ಟರ್ಮಿನಲ್‌ನಲ್ಲೇ ಬಿಸಿ ಕಾಣುತ್ತದೆ. ಎಸ್-ಟುಯಿ (s-tui) ಎಂಬ ಪ್ರೋಗ್ರಾಂ ಬಿಸಿ, ವೇಗ, ಬಳಕೆ, ವ್ಯಾಟ್ ಎಲ್ಲದರ ಗೆರೆಯನ್ನೂ ಒಂದೇ ಪರದೆಯಲ್ಲಿ ಎಳೆದು ತೋರಿಸುತ್ತದೆ.

ಭಾರ ಹಾಕಲು 7-ಜಿಪ್ ಸಾಕು. ಫೈಲ್ ಜಿಪ್ ಮಾಡುವ ಅದೇ ಉಚಿತ ಸಾಫ್ಟ್‌ವೇರ್. ಅದರ ಟೂಲ್ಸ್ ಮೆನುವಿನಲ್ಲಿ ಬೆಂಚ್‌ಮಾರ್ಕ್ ಎಂಬ ಆಯ್ಕೆ ಇದೆ, ಬಹಳ ಜನ ಅದನ್ನು ತೆರೆದೇ ನೋಡಿರುವುದಿಲ್ಲ. ಎಷ್ಟು ಥ್ರೆಡ್ ಬಳಸಬೇಕು ಎಂದು ಅಲ್ಲೇ ಆರಿಸಬಹುದು. ಬೇರೆ ಬೇರೆ ಭಾರದಲ್ಲಿ ನೋಡಬೇಕು ಅನ್ನುವ ನಮಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ನೆಟ್‌ವರ್ಕ್ ಕುಂಟುವ ಮೂಡಿಗೆರೆ ಕಡೆಯ ತೋಟದ ಮನೆಯಲ್ಲೂ ಡೌನ್‌ಲೋಡ್ ಆಗುವಷ್ಟು ಚಿಕ್ಕದು. ಸಿನೆಬೆಂಚ್ ಎಂಬ ಪರೀಕ್ಷೆಯ ಸಾಫ್ಟ್‌ವೇರ್ ಕೂಡ ಒಳ್ಳೆಯದೇ, ಆದರೆ ತೀರಾ ದೊಡ್ಡ ಫೈಲು.

ಶುರು ಮಾಡುವ ಮೊದಲು

ಮೊದಲು ಲ್ಯಾಪ್‌ಟಾಪನ್ನು ಮುಚ್ಚಿ ಬದಿಯಿಂದ ನೋಡಿ. ತೆರೆದು ನೋಡಿದರೆ ಟಚ್‌ಪ್ಯಾಡ್ ಉಬ್ಬಿದೆಯೇ? ಕೆಳಗಿನ ಕವರ್ ಮಧ್ಯದಲ್ಲಿ ಎದ್ದು ಟೇಬಲ್ ಮೇಲೆ ಅಲ್ಲಾಡುತ್ತದೆಯೇ? ಹಾಗಿದ್ದರೆ ಬ್ಯಾಟರಿ ಊದಿರುವ ಸಾಧ್ಯತೆ ಹೆಚ್ಚು. ಯಾವ ಪರೀಕ್ಷೆಯೂ ಬೇಡ. ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಬದಲಾಯಿಸಲು ಕೊಡಿ.

ಎಲ್ಲ ಸರಿಯಿದ್ದರೆ ಗಟ್ಟಿ ಟೇಬಲ್ ಮೇಲೆ ಇಡಿ. ಹಾಸಿಗೆ, ಕಂಬಳಿ, ತೊಡೆ ಬೇಡ. ಬಹಳಷ್ಟು ಲ್ಯಾಪ್‌ಟಾಪ್‌ಗಳು ಗಾಳಿ ಎಳೆದುಕೊಳ್ಳುವುದು ತಳದಿಂದ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ರಗ್ಗು ಹೊದ್ದು ಅದರ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದು ಹಿತವೇನೋ ಹೌದು, ಆದರೆ ಆಗ ಅದರ ಮೂಗು ಮುಚ್ಚಿದ ಹಾಗೆ.

ಚಾರ್ಜರ್ ಹಾಕಿರಲಿ. ಬ್ಯಾಟರಿಯಲ್ಲಿ ಓಡುವಾಗ ಬಹಳಷ್ಟು ಲ್ಯಾಪ್‌ಟಾಪ್‌ಗಳು ತಾವೇ ವೇಗಕ್ಕೆ ಕಡಿವಾಣ ಹಾಕಿಕೊಳ್ಳುತ್ತವೆ. ಪರೀಕ್ಷೆಯ ಮಧ್ಯೆ ಕರೆಂಟ್ ಹೋದರೆ ಆ ಅಂಕಿಗಳನ್ನು ಹೊಡೆದುಹಾಕಿ ಮತ್ತೆ ಶುರು ಮಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಇದು ದಿನದ ಮಾತು. ಪವರ್ ಮೋಡ್ ಯಾವುದಿದೆ ಎಂದೂ ಬರೆದಿಟ್ಟುಕೊಳ್ಳಿ. ಎಲ್ಲ ಪರೀಕ್ಷೆಗೂ ಅದೇ ಇರಲಿ.

ಇನ್ನೊಂದು ವಿಷಯ, ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಕೋಣೆಯ ಬಿಸಿ. ಲ್ಯಾಪ್‌ಟಾಪ್ ತಣ್ಣಗಾಗುವುದು ಕೋಣೆಯ ಗಾಳಿಯಿಂದ. ಕೋಣೆ 10 ಡಿಗ್ರಿ ಏರಿದರೆ, ಕೆಲಸವೂ ಫ್ಯಾನೂ ಹಾಗೇ ಇದ್ದಲ್ಲಿ, ಚಿಪ್ ಕೂಡ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತದೆ. ಒಂದೇ ಜಿಲ್ಲೆಯಲ್ಲೇ ನೋಡಿ. ಸಕಲೇಶಪುರದಲ್ಲಿ ತಂಪಾಗಿರುವ ಹೊತ್ತಿಗೆ ಅರಸೀಕೆರೆಯಲ್ಲಿ ಬಿಸಿಲು ಚುರುಗುಟ್ಟುತ್ತಿರುತ್ತದೆ. ಮೂಡಿಗೆರೆಗೂ ಕಡೂರಿಗೂ ಅದೇ ವ್ಯತ್ಯಾಸ. ಕಡೂರಿನವರು 94 ಡಿಗ್ರಿ ಎಂದರೆ, ಮೂಡಿಗೆರೆಯವರು 84 ಎಂದರೆ, ಎರಡೂ ಲ್ಯಾಪ್‌ಟಾಪ್ ಒಂದೇ ಸ್ಥಿತಿಯಲ್ಲಿರಬಹುದು.

ಅದಕ್ಕೆ ಚಿಪ್ಪಿನ ಬಿಸಿಯಿಂದ ಕೋಣೆಯ ಬಿಸಿಯನ್ನು ಕಳೆಯಿರಿ. ಕೋಣೆ 24, ಚಿಪ್ 88 ಆದರೆ ವ್ಯತ್ಯಾಸ 64. ಈ 64 ನಿಮ್ಮ ಲ್ಯಾಪ್‌ಟಾಪ್‌ನ ನಿಜವಾದ ಗುಣ. ಜನವರಿಯಲ್ಲಿ ಈ ಲೆಕ್ಕ ತೆಗೆದಿದ್ದರೆ ಏಪ್ರಿಲ್ ಬರುವ ಮೊದಲೇ ಹೇಳಬಹುದು: ಕೋಣೆ 34 ಆದ ದಿನ ಚಿಪ್ 98 ಮುಟ್ಟುತ್ತದೆ, ಮಿತಿ 100, ಇನ್ನು ಉಳಿದಿರುವುದು ಎರಡೇ ಡಿಗ್ರಿ. ಗೋಡೆಗೆ ಹಾಕುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಇದಕ್ಕೆ ಸಾಕು. ಲ್ಯಾಪ್‌ಟಾಪ್‌ನ ಬಿಸಿಗಾಳಿ ಬಡಿಯದ ಕಡೆ ಇಡಿ. ಮೊಬೈಲ್‌ನಲ್ಲಿ ಹವಾಮಾನ ಎಂದು ತೋರಿಸುವುದು ಹೊರಗಿನ ಲೆಕ್ಕ. ಮಧ್ಯಾಹ್ನ ಮೂರು ಗಂಟೆಗೆ ಆರ್‌ಸಿಸಿ ತಾರಸಿಯ ಕೆಳಗಿನ ಕೋಣೆಗೆ ಅದು ಹೊಂದುವುದಿಲ್ಲ.

ಎತ್ತರದ್ದೂ ಒಂದು ಪಾಲಿದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲು ತೆಳು. ಫ್ಯಾನ್ ಅಷ್ಟೇ ತಿರುಗಿದರೂ ಸಾಗಿಸುವ ಗಾಳಿಯ ತೂಕ ಕಡಿಮೆ. ಕೆಲವು ಡಿಗ್ರಿಯ ವ್ಯತ್ಯಾಸ ಇದರಿಂದಲೇ ಬರಬಹುದು. ನಮ್ಮ ಹವೆ ತಂಪು ಇರುವುದರಿಂದ ಲೆಕ್ಕ ಸರಿಹೋಗುತ್ತದೆ ಅನ್ನಿ. ಆದರೂ ಯೂಟ್ಯೂಬ್‌ನಲ್ಲಿ ಇನ್ಯಾರೋ ತೋರಿಸಿದ ಅಂಕಿಯ ಜೊತೆ ನಿಮ್ಮದನ್ನು ಡಿಗ್ರಿಗೆ ಡಿಗ್ರಿ ಹೋಲಿಸುವುದು ಬೇಡ.

ಒಂದೊಂದೇ ಭಾರ ಹಾಕಿ ನೋಡುವುದು

ಮೊದಲನೆಯದು, ಸುಮ್ನೆ ಕೂತ ಸ್ಥಿತಿ. ಲ್ಯಾಪ್‌ಟಾಪ್ ಆನ್ ಮಾಡಿ ಹತ್ತು ನಿಮಿಷ ಮುಟ್ಟಬೇಡಿ. ಆನ್ ಆದ ಕೂಡಲೇ ವಿಂಡೋಸ್ ಅಪ್‌ಡೇಟ್ ಹುಡುಕುತ್ತದೆ, ಆಂಟಿವೈರಸ್ ಫೈಲ್ ತಡಕುತ್ತದೆ, ಆ ಹೊತ್ತಿನ ಅಂಕಿಗೆ ಬೆಲೆ ಇಲ್ಲ. ಆಮೇಲೆ ಗಡಿಯಾರದ ಗುಂಡಿ ಒತ್ತಿ ಐದು ನಿಮಿಷದ ಸರಾಸರಿ ಬರೆದುಕೊಳ್ಳಿ. ಕೋಣೆಗಿಂತ 15ರಿಂದ 25 ಡಿಗ್ರಿ ಜಾಸ್ತಿ ಇದ್ದರೆ ಸಾಮಾನ್ಯ. 42 ಇದೆಯೋ 46 ಇದೆಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಇಂಟೆಲ್ ಚಿಪ್ಪಿನ ಒಳಗಿನ ಸೆನ್ಸರ್ ಗರಿಷ್ಠ ಮಿತಿಯ ಹತ್ತಿರ ಹೆಚ್ಚು ಖಚಿತ, ತಣ್ಣಗಿದ್ದಾಗ ಅಷ್ಟು ಖಚಿತ ಅಲ್ಲ.

ಎರಡನೆಯದು ಹಗುರ ಕೆಲಸ. ಬ್ರೌಸರ್‌ನಲ್ಲಿ ಒಂದು ವಿಡಿಯೊ ಹಾಕಿ, ಪಕ್ಕದಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದು ಹತ್ತು ನಿಮಿಷ ಬಿಡಿ. ಹೆಚ್ಚೇನೂ ಕಾಣುವುದಿಲ್ಲ. ಕಂಡರೆ ಆಗಲೇ ಅನುಮಾನ ಪಡಬೇಕು.

ಮೂರನೆಯದು ಒಂದೇ ಥ್ರೆಡ್. 7-ಜಿಪ್ ಬೆಂಚ್‌ಮಾರ್ಕ್‌ನಲ್ಲಿ ಥ್ರೆಡ್ ಸಂಖ್ಯೆ 1 ಮಾಡಿ. ಒಂದು ಕೋರ್ ಮಾತ್ರ ಪೂರ್ತಿ ದುಡಿಯುತ್ತದೆ. ಪೆಟ್ಟಿಗೆಯ ಮೇಲಿನ ಗರಿಷ್ಠ ವೇಗ ಕಾಣಬೇಕಾದ್ದು ಇಲ್ಲಿ. 8250ಯು ಆದರೆ 3.4ರ ಹತ್ತಿರ ಬರಬೇಕು. ಬರಲಿಲ್ಲ, ಬಿಸಿಯೂ ಏರಲಿಲ್ಲ ಎಂದರೆ ಪವರ್ ಮೋಡ್ ಅಥವಾ ಚಾರ್ಜರ್ ಕಡೆ ನೋಡಿ.

ನಾಲ್ಕನೆಯದು ಅರ್ಧ ಥ್ರೆಡ್, ಐದು ನಿಮಿಷ. ಇದು ಮಧ್ಯದ ಮೆಟ್ಟಿಲು, ಬರೆದಿಟ್ಟುಕೊಳ್ಳಿ ಸಾಕು.

ಐದನೆಯದೇ ಮುಖ್ಯ. ಎಲ್ಲ ಥ್ರೆಡ್‌ಗಳೂ, ಹದಿನೈದು ನಿಮಿಷ. ಬೆಂಚ್‌ಮಾರ್ಕ್ ನಡುವೆ ಮುಗಿದರೆ ರೀಸ್ಟಾರ್ಟ್ ಒತ್ತಿ. ಎಷ್ಟು ಮೆಮೊರಿ ಬೇಕು ಎಂದು ಅದೇ ಕಿಟಕಿಯಲ್ಲಿ ತೋರಿಸುತ್ತದೆ. ನಿಮ್ಮ ರ‍್ಯಾಮ್ ಚಿಕ್ಕದಾದರೆ ಡಿಕ್ಷನರಿ ಸೈಜ್ ಇಳಿಸಿ.

ಹದಿನೈದು ನಿಮಿಷ ಯಾಕೆ? ಚಿಪ್ ಉಗುರಿನಷ್ಟು ಅಗಲ. ಭಾರ ಬಿದ್ದ ಸೆಕೆಂಡಿನ ಒಳಗೇ ಅದು 20, 30 ಡಿಗ್ರಿ ಜಿಗಿಯುತ್ತದೆ. ಆದರೆ ಬಿಸಿಯನ್ನು ಹೊತ್ತೊಯ್ಯುವ ತಾಮ್ರದ ಹೀಟ್ ಪೈಪ್, ಅದರ ತುದಿಯ ಫಿನ್‌ಗಳು ಎಂಬ ತೆಳು ಲೋಹದ ಹಾಳೆಗಳು, ಲ್ಯಾಪ್‌ಟಾಪ್‌ನ ಮೈ, ಇವೆಲ್ಲ ಕಾಯಲು ನಿಮಿಷಗಳು ಬೇಕು. ಮೊದಲ ನಿಮಿಷ ಚೆನ್ನಾಗಿ ಕಂಡ ಲ್ಯಾಪ್‌ಟಾಪ್ ಎಂಟನೆಯ ನಿಮಿಷಕ್ಕೆ ಸೋಲಬಹುದು. ಅಂಗಡಿಯಲ್ಲಿ ಎರಡು ನಿಮಿಷ ಓಡಿಸಿ "ನೋಡಿ, ಸರಿಯಾಗಿದೆ" ಎಂದು ವಾಪಸ್ ಕೊಟ್ಟರೆ ಒಪ್ಪಿಕೊಳ್ಳಬೇಡಿ. ಅದೇ ಕಾರಣಕ್ಕೆ ಒಂದು ಕ್ಷಣ 90 ಕಂಡು ಕೂಡಲೇ 70ಕ್ಕೆ ಇಳಿದರೆ ಹೆದರುವುದೂ ಬೇಡ. ಟರ್ಬೊ ಬಂದು ಹೋಯಿತು, ಅಷ್ಟೇ.

ಈ ಹದಿನೈದು ನಿಮಿಷದಲ್ಲಿ ಮೂರು ಸಲ ಬರೆಯಿರಿ: 10ನೇ ಸೆಕೆಂಡಿನಲ್ಲಿ, ಒಂದು ನಿಮಿಷ ಕಳೆದ ಮೇಲೆ, ಕೊನೆಯ ನಿಮಿಷದಲ್ಲಿ. ಬಿಸಿ, ವೇಗ, ವ್ಯಾಟ್, ಮೂರೂ. ಬರೆಯಲು ಬೇಜಾರಾದರೆ ಎಚ್‌ಡಬ್ಲ್ಯೂಇನ್ಫೋದಲ್ಲೇ ಲಾಗಿಂಗ್ ಗುಂಡಿ ಇದೆ. ಸಿಎಸ್‌ವಿ ಫೈಲ್ ಆಗಿ ಉಳಿಯುತ್ತದೆ, ಎಕ್ಸೆಲ್‌ನಲ್ಲಿ ತೆರೆದು ಗೆರೆ ಎಳೆದು ನೋಡಬಹುದು.

ಪ್ರೈಮ್95, ಫರ್‌ಮಾರ್ಕ್ ಥರದ ಸಾಫ್ಟ್‌ವೇರ್ ಹಾಕಬೇಕಾ ಎಂದು ಕೇಳುವವರಿದ್ದಾರೆ. ಬೇಡ. ದಿನನಿತ್ಯದ ಯಾವ ಕೆಲಸವೂ ಅಷ್ಟು ಭಾರ ಹಾಕುವುದಿಲ್ಲ. ಅದರ ಬದಲು ಆರನೆಯ ಪರೀಕ್ಷೆಯಾಗಿ ನಿಮ್ಮ ಸ್ವಂತ ಕೆಲಸವನ್ನೇ ಇಡಿ: ಸ್ಟುಡಿಯೊದವರಾದರೆ ಹತ್ತು ನಿಮಿಷದ ವಿಡಿಯೊ ಎಕ್ಸ್‌ಪೋರ್ಟ್, ವಿದ್ಯಾರ್ಥಿಯಾದರೆ ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಒಂದು ಬಿಲ್ಡ್, ಗೇಮ್ ಆಡುವವರಾದರೆ ಅದೇ ಗೇಮ್. ಗ್ರಾಫಿಕ್ಸ್ ಕಾರ್ಡ್ ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಚಿಪ್‌ಗೆ ಹೀಟ್ ಪೈಪ್ ಹಂಚಿಕೆಯಾಗಿರುತ್ತದೆ. ಜಿಪಿಯು ದುಡಿದರೆ ಸಿಪಿಯು ಕೂಡ ಬೇಯುತ್ತದೆ. 7-ಜಿಪ್ ಒಂದರಿಂದ ಇದು ಗೊತ್ತಾಗುವುದಿಲ್ಲ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಕೈ ಇಟ್ಟು ನೋಡುವ ಹಾಗಿಲ್ಲ, ಬಿಚ್ಚುವ ಹಾಗಿಲ್ಲ. ಬರುವ ಅಂಕಿಗಳು ನಿನ್ನೆಗಿಂತ ಇಂದು ಹೇಗೆ ಸರಿದಿವೆ ಎಂಬುದರಿಂದಲೇ ಆರೋಗ್ಯ ತಿಳಿಯಬೇಕು. ಲ್ಯಾಪ್‌ಟಾಪ್‌ಗೂ ಈ ಅಭ್ಯಾಸ ಚೆನ್ನಾಗಿ ಹೊಂದುತ್ತದೆ. ಒಂದು ದಿನದ 88 ಡಿಗ್ರಿಗಿಂತ, ಆರು ತಿಂಗಳಲ್ಲಿ 78ರಿಂದ 88ಕ್ಕೆ ಬಂತು ಎಂಬ ಮಾಹಿತಿಯ ತೂಕ ಹೆಚ್ಚು.

ಅಂಕಿ ನೋಡಿ ಕಾರಣ ಹೇಳುವುದು

ಕಾಫಿ ಕೊಯ್ಲಿನ ಸಮಯದಲ್ಲಿ ಸಕಲೇಶಪುರದ ಕಡೆಯ ಒಂದು ತೋಟದ ಆಫೀಸಿನ ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. ಅದೇ 8250ಯು. ತೋಟದ ರೈಟರ್ ಹೇಳಿದ್ದು ಇಷ್ಟು: "ಅಣ್ಣಾ, ಬೆಳಗ್ಗೆ ಚೆನ್ನಾಗೇ ಇರುತ್ತೆ. ಕೂಲಿ ಲೆಕ್ಕದ ಎಕ್ಸೆಲ್ ತೆಗೆದು ಅರ್ಧ ಗಂಟೆ ಆದ್ಮೇಲೆ ಫ್ಯಾನು ಹೊಡ್ಕೊಳ್ಳುತ್ತೆ, ಮೌಸೂ ಅಲ್ಲಾಡಲ್ಲ." ಕೋಣೆ 25 ಡಿಗ್ರಿ. ಎಲ್ಲ ಥ್ರೆಡ್ ಹಾಕಿದ ಹತ್ತನೇ ಸೆಕೆಂಡಿಗೇ 97 ಡಿಗ್ರಿ, ಥರ್ಮಲ್ ಥ್ರಾಟ್ಲಿಂಗ್ ಸಾಲಿನಲ್ಲಿ ಯೆಸ್. ಹದಿನೈದನೇ ನಿಮಿಷಕ್ಕೂ 97 ಡಿಗ್ರಿ, ಆದರೆ ವೇಗ 1.4 ಗಿಗಾಹರ್ಟ್ಸ್, 9 ವ್ಯಾಟ್.

ಆ 9 ವ್ಯಾಟ್ ಎಲ್ಲವನ್ನೂ ಹೇಳುತ್ತದೆ. 15 ವ್ಯಾಟ್ ಎಳೆಯಲು ಹಕ್ಕಿರುವ ಚಿಪ್ 9ಕ್ಕೇ 97 ಮುಟ್ಟಿದೆ ಎಂದರೆ, ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ವೇಗ ಬೇಸ್‌ಗಿಂತಲೂ ಕೆಳಗೆ. ತಳ ಬಿಚ್ಚಿದರೆ ಫ್ಯಾನ್‌ಗೂ ಫಿನ್‌ಗಳಿಗೂ ಮಧ್ಯೆ ಬಟ್ಟೆಯ ತುಂಡಿನ ಹಾಗೆ ದೂಳಿನ ಪದರ. ಆಫೀಸಿನ ಪಕ್ಕದಲ್ಲೇ ಕಾಫಿ ಒಣಗಿಸುವ ಕಣ. ಹೊಟ್ಟಿನ ನಯವಾದ ದೂಳು ಮಳೆಗಾಲದ ತೇವಕ್ಕೆ ಅಂಟಿ ಗಟ್ಟಿಯಾಗಿತ್ತು, ಚಿಮುಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಅದನ್ನು ತೆಗೆದು, ಚಿಪ್ಪಿನ ಬಿಸಿಯನ್ನು ಹೀಟ್ ಪೈಪಿಗೆ ದಾಟಿಸಲು ಮಧ್ಯೆ ಹಚ್ಚಿದ್ದ, ಈಗ ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಬದಲಾಯಿಸಿದ ಮೇಲೆ ಅದೇ ಕೋಣೆಯಲ್ಲಿ, ಅದೇ ಪರೀಕ್ಷೆಯಲ್ಲಿ, ಹದಿನೈದನೇ ನಿಮಿಷಕ್ಕೆ 74 ಡಿಗ್ರಿ, 2.4 ಗಿಗಾಹರ್ಟ್ಸ್, 15 ವ್ಯಾಟ್. ಹೊಸ ಲ್ಯಾಪ್‌ಟಾಪ್ ಬೇಕಾಗಲಿಲ್ಲ.

ಈಗ ಈ ಎರಡು ಸಾಲು ಅಂಕಿಗಳನ್ನು ಇಟ್ಟುಕೊಂಡು ಬೇರೆ ಸಂದರ್ಭಗಳನ್ನು ನೋಡಿ. ಬಿಸಿ 75ರ ಆಸುಪಾಸು, ವೇಗ ಗರಿಷ್ಠಕ್ಕಿಂತ ಕಡಿಮೆ, ವ್ಯಾಟ್ ಒಂದೇ ಅಂಕಿಯಲ್ಲಿ ನೆಟ್ಟಗೆ ನಿಂತಿದೆ: ಇದು ವಿದ್ಯುತ್ ಮಿತಿ. ಲ್ಯಾಪ್‌ಟಾಪ್ ಆರೋಗ್ಯವಾಗಿದೆ, ಪೇಸ್ಟ್ ಬದಲಾಯಿಸಿದರೂ ವೇಗ ಹೆಚ್ಚಾಗುವುದಿಲ್ಲ.

ಬಿಸಿ 50ರ ಒಳಗೆ, ಆದರೂ ಎಷ್ಟೇ ಭಾರ ಹಾಕಿದರೂ ವೇಗ 0.4 ಅಥವಾ 0.8 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿದೆ: ಇದು ದೂಳಿನ ಸಮಸ್ಯೆಯಲ್ಲ. ಮೊದಲು ಚಾರ್ಜರ್ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳು ತಮ್ಮ ಚಾರ್ಜರನ್ನು ಗುರುತಿಸಲಾಗದಿದ್ದರೆ, ಅಥವಾ 65 ವ್ಯಾಟ್ ಬೇಕಾದ ಕಡೆ 45 ವ್ಯಾಟ್‌ನದು ಹಾಕಿದರೆ, ಪ್ರೊಸೆಸರನ್ನು ಕಟ್ಟಿಹಾಕಿಬಿಡುತ್ತವೆ. ಪಿನ್ ಸಡಿಲವಾಗಿದ್ದರೂ ಹೀಗಾಗುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಆಮೇಲೆ ಸರಿಯಾದ ಇನ್ನೊಂದು ಚಾರ್ಜರ್ ಹಾಕಿ ನೋಡಿ. ಈ ಸಮಸ್ಯೆಗೆ ವಿಂಡೋಸ್ ಮತ್ತೆ ಮತ್ತೆ ಹಾಕಿಸಿ ದುಡ್ಡು ಕಳೆದುಕೊಂಡವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಐದು ನಿಮಿಷದಲ್ಲಿ ಗೊತ್ತಾಗುವ ವಿಷಯ ಇದು.

ಸುಮ್ನೆ ಕೂತಾಗಲೇ 65, 70 ಡಿಗ್ರಿ ಇದ್ದರೆ ಟಾಸ್ಕ್ ಮ್ಯಾನೇಜರ್‌ನ ಪ್ರೊಸೆಸಸ್ ಪಟ್ಟಿಯಲ್ಲಿ ಸಿಪಿಯು ಕಾಲಂ ಮೇಲೆ ಒತ್ತಿ, ಯಾರು ಹೆಚ್ಚು ತಿನ್ನುತ್ತಿದ್ದಾರೆ ಎಂದು ಮೇಲೆ ಬರುತ್ತದೆ. ಗುರುತಿಲ್ಲದ ಹೆಸರು ಸದಾ 30, 40 ಶೇಕಡಾ ತಿನ್ನುತ್ತಿದ್ದರೆ ವೈರಸ್ ಪರೀಕ್ಷೆ ಮಾಡಿಸಿ. ಯಾರೂ ತಿನ್ನುತ್ತಿಲ್ಲ, ಆದರೂ ಬಿಸಿ ಎಂದರೆ ಫ್ಯಾನ್‌ಗೆ ಕಿವಿ ಕೊಡಿ, ಗಾಳಿ ಹೊರಬರುವ ಕಿಂಡಿಯ ಮುಂದೆ ಕೈ ಹಿಡಿಯಿರಿ.

ಮಿತಿ ಎಷ್ಟು ಎಂಬುದು ಚಿಪ್ಪಿನಿಂದ ಚಿಪ್ಪಿಗೆ ಬೇರೆ. ಲ್ಯಾಪ್‌ಟಾಪ್‌ಗಳ ಇಂಟೆಲ್ ಚಿಪ್‌ಗಳಲ್ಲಿ ಬಹುಪಾಲು 100 ಡಿಗ್ರಿ. ರೈಜೆನ್‌ಗಳಲ್ಲಿ 95, 105 ಹೀಗೆ ಇರುತ್ತದೆ. ನಿಮ್ಮ ಪ್ರೊಸೆಸರ್ ಹೆಸರು ಹಾಕಿ ತಯಾರಕರ ಪುಟದಲ್ಲೇ ನೋಡಿ. ಮಿತಿ ಮುಟ್ಟಿದ ಕೂಡಲೇ ಚಿಪ್ ಸುಟ್ಟುಹೋಗುವುದಿಲ್ಲ. ತಾನೇ ವೇಗ ಇಳಿಸುತ್ತದೆ, ಅದೂ ಸಾಲದಿದ್ದರೆ ಲ್ಯಾಪ್‌ಟಾಪ್ ಆಫ್ ಆಗುತ್ತದೆ. ಆದರೆ ಪಕ್ಕದಲ್ಲೇ ಇರುವ ಬ್ಯಾಟರಿಗೆ ದಿನವೂ ಆ ಬಿಸಿ ತಾಗುವುದು ಒಳ್ಳೆಯದಲ್ಲ. ಅದರ ಆಯಸ್ಸು ಕಡಿಮೆಯಾಗುತ್ತದೆ.

ಆಮೇಲೆ ಏನು ಮಾಡುವುದು

ಖರ್ಚಿಲ್ಲದ್ದರಿಂದ ಶುರು ಮಾಡಿ. ಲ್ಯಾಪ್‌ಟಾಪ್‌ನ ಹಿಂಬದಿಯ ಎರಡು ಮೂಲೆಗೆ ಎರಡು ಮರದ ತುಂಡು ಕೊಟ್ಟು ಒಂದಿಂಚು ಎತ್ತಿ, ಐದನೆಯ ಪರೀಕ್ಷೆಯನ್ನು ಮತ್ತೆ ಓಡಿಸಿ. ತಳದಿಂದ ಗಾಳಿ ಎಳೆಯುವ ಲ್ಯಾಪ್‌ಟಾಪ್‌ನಲ್ಲಿ ಇದರಿಂದಲೇ ಕೆಲವು ಡಿಗ್ರಿ ಇಳಿಯುತ್ತದೆ. ಕೂಲಿಂಗ್ ಪ್ಯಾಡ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಎತ್ತಿದಾಗ ಏನೂ ಇಳಿಯದಿದ್ದರೆ ಪ್ಯಾಡ್‌ನಿಂದಲೂ ಹೆಚ್ಚು ನಿರೀಕ್ಷೆ ಬೇಡ.

ಬಿಸಿ ತುರ್ತಾಗಿ ಇಳಿಸಬೇಕು, ವೇಗ ಸ್ವಲ್ಪ ಹೋದರೂ ಸರಿ ಎಂದರೆ ಟರ್ಬೊ ನಿಲ್ಲಿಸಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ತೆರೆದು ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100ರ ಬದಲು 99 ಮಾಡಿ. ಒಂದೇ ಒಂದು ಶೇಕಡಾ ಇಳಿಸಿದರೂ ಟರ್ಬೊ ಪೂರ್ತಿ ನಿಲ್ಲುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣುವುದಿಲ್ಲ, ಅಲ್ಲಿ ಪವರ್ ಮೋಡನ್ನೇ ಬೆಸ್ಟ್ ಪವರ್ ಎಫಿಷಿಯೆನ್ಸಿಗೆ ಇಡಿ. ಟೈಪಿಂಗ್, ಬ್ರೌಸಿಂಗ್, ಆನ್‌ಲೈನ್ ಕ್ಲಾಸಿಗೆ ಅಷ್ಟು ಸಾಕಾಗುತ್ತದೆ. ವಿಡಿಯೊ ಎಕ್ಸ್‌ಪೋರ್ಟ್ ಮಾಡುವವರಿಗೆ ಇದು ಪರಿಹಾರ ಅಲ್ಲ.

ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜ್ ಇಳಿಸಿ ಎಂದು ಹಳೆಯ ವಿಡಿಯೊಗಳಲ್ಲಿ ಹೇಳಿರುತ್ತಾರೆ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಬಹಳಷ್ಟು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ ಅಪ್‌ಡೇಟ್ ಮೂಲಕ ಅದಕ್ಕೆ ಬೀಗ ಹಾಕಿದ್ದಾರೆ. ಅದರ ಹಿಂದೆ ಬೀಳಬೇಡಿ.

ಉಳಿದದ್ದು ದೂಳು. ವಾರಂಟಿ ಇದ್ದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಹೊರಗಿನಿಂದ ಮಾಡುವುದಾದರೆ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಕ್ಯಾನ್‌ನಲ್ಲಿ ಸಿಗುವ ಒತ್ತಡದ ಗಾಳಿಯನ್ನು ಬಿಟ್ಟು ಬಿಟ್ಟು ಊದಿ. ವೆಂಟ್‌ನಿಂದ ಫ್ಯಾನ್ ರೆಕ್ಕೆ ಕಂಡರೆ ಒಂದು ಹಲ್ಲುಕಡ್ಡಿಯಿಂದ ತಡೆದು ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡವೇ ಬೇಡ. ಅದರ ಒತ್ತಡ ಜಾಸ್ತಿ, ಗಾಳಿಯ ಜೊತೆ ನೀರಿನ ಹನಿಯೂ ಎಣ್ಣೆಯೂ ಬರುತ್ತದೆ. ಮೇಲೆ ಹೇಳಿದಂಥ ಗಟ್ಟಿ ಪದರ ಕುಳಿತಿದ್ದರೆ ಹೊರಗಿನಿಂದ ಊದಿದ್ದು ಸಾಲುವುದಿಲ್ಲ. ತಳ ಬಿಚ್ಚಿಯೇ ತೆಗೆಯಬೇಕು.

ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ಅಂಗಡಿಗೆ ಕೊಡಿ. ಕೊಡುವಾಗ ನಿಮ್ಮ ಅಂಕಿಗಳ ಹಾಳೆಯನ್ನೂ ಜೊತೆಗೆ ಕೊಟ್ಟು ಹೀಗೆ ಹೇಳಿ: ಕೋಣೆ ಇಷ್ಟಿತ್ತು, ಎಲ್ಲ ಥ್ರೆಡ್ ಹಾಕಿ ಹದಿನೈದು ನಿಮಿಷಕ್ಕೆ ಇಷ್ಟು ಡಿಗ್ರಿ, ಇಷ್ಟು ವೇಗ, ಇಷ್ಟು ವ್ಯಾಟ್. ಥರ್ಮಲ್ ಪೇಸ್ಟ್ ವಿದ್ಯುತ್ ಹರಿಯದ ಜಾತಿಯದೇ ಇರಲಿ, ಲಿಕ್ವಿಡ್ ಮೆಟಲ್ ಬೇಡ ಎನ್ನಿ. ಸುತ್ತಲಿನ ಬಿಡಿಭಾಗಗಳ ಮೇಲಿನ ಥರ್ಮಲ್ ಪ್ಯಾಡ್ ಹರಿದಿದ್ದರೆ ಅಷ್ಟೇ ದಪ್ಪದ ಪ್ಯಾಡ್ ಹಾಕಬೇಕು, ಬೇರೆ ದಪ್ಪದ್ದು ಹಾಕಿದರೆ ಹೀಟ್ ಸಿಂಕ್ ಚಿಪ್ಪಿನ ಮೇಲೆ ಸರಿಯಾಗಿ ಕೂರುವುದಿಲ್ಲ. ವಾಪಸ್ ತೆಗೆದುಕೊಳ್ಳುವಾಗ ಅಲ್ಲೇ ಕೂತು ಅದೇ ಪರೀಕ್ಷೆಯನ್ನು ಹದಿನೈದು ನಿಮಿಷ ಓಡಿಸಿ. ಅಂಗಡಿಯ ಬಿಸಿ ಎಷ್ಟಿದೆ ಎಂದು ನೋಡಿ ಕಳೆದು ಲೆಕ್ಕ ಹಾಕಿ. ವ್ಯತ್ಯಾಸ ಮೊದಲಿಗಿಂತ ಇಳಿದಿರಬೇಕು, ವ್ಯಾಟ್ ಏರಿರಬೇಕು. ಎರಡೂ ಆಗದಿದ್ದರೆ ದುಡ್ಡು ಕೊಡುವ ಮೊದಲು ಇನ್ನೊಮ್ಮೆ ಬಿಚ್ಚಿ ನೋಡಲು ಹೇಳಿ.